ಮಿಂಚಿನ ಫೋಟೋ ತೆಗೆಯುವಾಗ ಲೆನ್ಸ್ ಮಂಜಾಗುವುದು ನಿಂತಿತು

ಮೇ ತಿಂಗಳ ಸಂಜೆ ಆಗುಂಬೆ ಕಡೆ ಮೋಡ ಕಟ್ಟಿದರೆ ಉಡುಪಿಯ ನಮ್ಮ ಜಗಲಿಯಿಂದ ಮಿಂಚು ಚೆನ್ನಾಗಿ ಕಾಣುತ್ತದೆ. ಆದರೆ ಕ್ಯಾಮೆರಾ ಹೊರಗೆ ತಂದ ಕೂಡಲೇ ಲೆನ್ಸ್ ತುಂಬಾ ಬಿಳಿ ಮಂಜು. ಒರೆಸಿದರೆ ಮತ್ತೆ ಕೂರುತ್ತಿತ್ತು. ಕಾರಣ ಎಸಿ ರೂಮು. ಆಗ ಕರಾವಳಿಯ ಗಾಳಿಯಲ್ಲಿ ತೇವ ಎಷ್ಟು ಜಾಸ್ತಿ ಅಂದ್ರೆ, ಗಾಜು ಸುಮಾರು 25 ಡಿಗ್ರಿಗಿಂತ ತಣ್ಣಗಿದ್ದರೆ ಸಾಕು, ನೀರು ಕಟ್ಟುತ್ತದೆ. ಎಸಿಯಲ್ಲಿದ್ದ ಲೆನ್ಸ್ ಅದಕ್ಕಿಂತ ತಣ್ಣಗೇ ಇರುತ್ತದೆ, ಅಲ್ವಾ?

ಈಗ ಮಧ್ಯಾಹ್ನವೇ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ, ಗಾಳಿ ಹಿಂಡಿ, ಚಾವಡಿಯಲ್ಲಿ ಇಡುತ್ತೇನೆ. ಮಂಜು ಕವರಿನ ಹೊರಗೇ ಕೂತು ಆರುತ್ತದೆ. ಮೊನ್ನೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್ 8 ಇಟ್ಟು, ಶಟರ್ 15 ಸೆಕೆಂಡು ತೆರೆದಿಟ್ಟೆ. ಕವಲೊಡೆದ ಮಿಂಚಿನ ಎಳೆ ಎಳೆಯೂ ಬಂತು, ಎಷ್ಟು ಖುಷಿ! ಮಿಂಚಿ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿ.ಮೀ. ಒಳಗಿದೆ. ಆಗ ಟ್ರೈಪಾಡ್ ಅಲ್ಲೇ ಬಿಟ್ಟು ಒಳಗೆ ಹೋಗಿ.