ಅಡಿಕೆ ಹಾಳೆ ಸುಟ್ಟು ಕಂಚು ಹೊಯ್ದಿದ್ದು

ಒಂದು ಶಿಲ್ಪಕ್ಕೆ ಅಡಿಕೆ ಹಾಳೆನೇ ಅಚ್ಚೊಳಗೆ ಸುಟ್ಟು ಆ ಜಾಗಕ್ಕೆ ಕಂಚು ಹೊಯ್ಯೋಣ ಅಂದಾಗ ನಮ್ಮ ಎರಕದ ಮೇಸ್ತ್ರಿ "ಬೂದಿ ಒಳಗೇ ಕೂರುತ್ತೆ ಸಾರ್, ಲೋಹ ಓಡಲ್ಲ" ಅಂದಿದ್ರು. ಬೂದಿ ಕೂತಿದ್ದೂ ನಿಜಾನೇ, ಮೊದಮೊದಲ ಪೀಸ್‌ಗಳು ಜರಡಿ ಥರ ಬಂದ್ವು. ಒಂದೊಂದಕ್ಕೆ ಹತ್ತು ಹನ್ನೆರಡು ಕೆಜಿ ಗನ್‌ಮೆಟಲ್ (ತಾಮ್ರ, ತವರದ ಜೊತೆ ಸತುನೂ ಇರೋ ಕಂಚು) ಸ್ಕ್ರ್ಯಾಪು, ಆಗ ಕೆಜಿಗೆ 500ರ ಆಸುಪಾಸು. ಲೋಹ ಮತ್ತೆ ಕರಗಿಸ್ಬೋದು ಬಿಡಿ, ಆದ್ರೆ ಪ್ರತಿ ಸಲ ಸತು ಹೊಗೆಯಾಗಿ ಹೋಗುತ್ತೆ, ಇದ್ದಿಲು ಕೂಲಿ ವಾಪಸ್ ಬರಲ್ಲ.

ನಂಗೆ ಬೇಕಿದ್ದಿದ್ದು ಒಣಗಿ ತಿರುಚಿಕೊಂಡ ಹಾಳೆ ಬಾಗು, ಅದರ ಬುಡದಿಂದ ಎದ್ದು ಬರೋ ಪಂಪ್‌ಸೆಟ್ ಇಂಪೆಲ್ಲರ್ (ಒಳಗೆ ತಿರುಗಿ ನೀರು ತಳ್ಳೋ ಚಕ್ರ) ರೆಕ್ಕೆಗಳು. ಇಂಪೆಲ್ಲರ್‌ಗೆ ರಬ್ಬರ್ ಮೋಲ್ಡ್ ತೆಗೆದು ಮೇಣದಲ್ಲಿ ಮಾಡ್ಕೊಂಡೆ, ಅದೇನೂ ಕಷ್ಟ ಇಲ್ಲ. ತಲೆನೋವು ಹಾಳೆದು. ಅಂಚಲ್ಲಿ ತೀರಾ ತೆಳು, ಅದಕ್ಕೆ ಒಳಮೈಗೆ ಮಾತ್ರ ಬಿಸಿ ಮೇಣ ಬ್ರಷ್ ಮಾಡಿ ಸುಮಾರು 4 ಮಿ.ಮೀ. ದಪ್ಪ ತಂದೆ, ಹೊರಮೈ ನಾರಿನ ಗೆರೆ ಮುಟ್ಟಲೇ ಇಲ್ಲ. ಮೇಣ ಮೊದಲು ಇಳಿದು ದಾರಿ ಬಿಡುತ್ತೆ, ಗಾಳಿ ಒಳಗೆ ಹೋಗುತ್ತೆ, ಗಾಳಿ ಸಿಕ್ರೆ ಮಾತ್ರ ಹಾಳೆ ಪೂರ್ತಿ ಸುಡೋದು, ಇಲ್ಲಾಂದ್ರೆ ಇದ್ದಿಲಾಗಿ ಕೂರುತ್ತೆ. ಅದಕ್ಕೇ ಅಚ್ಚಿನ ಎರಡೂ ತುದಿಗೆ ದಪ್ಪ ವೆಂಟು, ಅಂದ್ರೆ ಗಾಳಿಕಿಂಡಿ, ರಾತ್ರಿಯಿಡೀ 700 ಡಿಗ್ರಿ ಹತ್ರ, ಆರಿದ ಮೇಲೆ ಅಚ್ಚು ತಲೆಕೆಳಗೆ ಮಾಡಿ ಕಂಪ್ರೆಸರ್ ಗಾಳಿ ಮೆಲ್ಲಗೆ, ಮತ್ತೆ ಕಾಯಿಸಿ ಎರಕ. ಇನ್ನೊಂದು, ಮೇಣದ ತೂಕದ ಹತ್ತರಷ್ಟು ಲೋಹ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ, ಹಾಳೆ ಹಗುರ. ಒಂದ್ಸಲ ಲೋಹ ಕರಗಿಸೋ ಮೂಸೆ ಖಾಲಿಯಾಗಿ ಮೇಲಿನ ಅಂಚೇ ತುಂಬಲಿಲ್ಲ.

ತಮಿಳುನಾಡಿನ ಸ್ವಾಮಿಮಲೆಯ ಕಂಚಿನ ವಿಗ್ರಹ ಮಾಡೋರು ಅಚ್ಚಿನ ಮೊದಲ ಪದರಕ್ಕೆ ಕಾವೇರಿ ಮೆಕ್ಕಲು ಹಚ್ತಾರೆ, ನಂದು ನಮ್ಮೂರ ಕೆರೆ ಗೋಡು. ಅದಕ್ಕೆ ಏನು ಬೆರೆಸ್ತೀನಿ ಅಂತ ಮಾತ್ರ ಕೇಳ್ಬೇಡಿ.

ಮಧ್ಯೆ ಹಲಸಿನ ಸಿಪ್ಪೆನೂ ನೋಡ್ದೆ, ಹಸಿ ಇತ್ತು, ಹಬೆಗೆ ಅಚ್ಚೇ ಸೀಳ್ತು. ಕಾಗದದಂಥ ಕಣಜದ ಗೂಡನ್ನ ಮೇಣದಲ್ಲಿ ಅದ್ದಿ ಹೊಯ್ದಿದ್ದು ಅರ್ಧ ಕೋಣೆ ತುಂಬಿ ಅರ್ಧ ಬಿಟ್ಟು ಬಂತು, ನಂಗಂತೂ ಅದೇ ಹೆಚ್ಚು ಇಷ್ಟ.

ಹಾಳೆ ಪೀಸ್‌ಗೆ ಎಲ್ಲರ ಥರ ಹಸಿರು ಪಟಿನಾ (ಕಂಚಿನ ಮೈಗೆ ರಾಸಾಯನಿಕದಿಂದ ತರೋ ಬಣ್ಣ) ಕೊಡ್ಲಿಲ್ಲ, ಬಿಸಿ ಮೈಮೇಲೆ ಫೆರಿಕ್ ನೈಟ್ರೇಟ್ ಹಚ್ಚಿದೆ, ಒಣಹಾಳೆ ಕಂದು ಬಂತು, ಮೇಲೆ ಮೇಣದ ಪಾಲಿಶ್. ಸೋತಿದ್ದೆಲ್ಲ ಸೇರಿ 40 ಸಾವಿರ ಹತ್ರ ಕೈ ಬಿಟ್ಟಿತ್ತು. 90 ಹೇಳಿ 70ಕ್ಕೆ ಕೊಟ್ಟೆ. ತಗೊಂಡೋರು ಇದು ದೋಣಿನಾ ಕಿವಿನಾ ಅಂದ್ರು, ಎರಡಕ್ಕೂ ಹೂಂ ಅಂದೆ.