ಬೆಲ್ಟ್ ಕಿರುಗುಟ್ಟಿದರೆ ಮೊದಲು ದಾರ ಹಿಡಿಯಿರಿ

ದಾವಣಗೆರೆಯ ಕಲ್ಯಾಣ ಮಂಟಪ, ನರ್ಸಿಂಗ್ ಹೋಂ, ಜವಳಿ ಅಂಗಡಿಗಳ ಎಸಿ ರೂಮಿನಲ್ಲಿ ಬ್ಲೋವರ್ ನೋಡಿಕೊಳ್ಳುವುದು ನನ್ನ ಕೆಲಸ. ಬ್ಲೋವರ್ ಅಂದರೆ ಗಾಳಿ ತಳ್ಳುವ ದೊಡ್ಡ ಫ್ಯಾನ್, ಮೋಟರ್ ಅದನ್ನು ಬೆಲ್ಟಿನಿಂದ ತಿರುಗಿಸುತ್ತದೆ. ಬೆಲ್ಟ್ ಕಿರುಗುಟ್ಟಿತು ಅಂದರೆ ಎಲ್ಲರದೂ ಒಂದೇ ಮಾತು, "ಟೈಟ್ ಮಾಡಿ". ಕೆಲವರು ನಾನು ಹೋಗುವಷ್ಟರಲ್ಲಿ ರಾಳದ ಪುಡಿ ಉದುರಿಸಿರುತ್ತಾರೆ. ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ಧೂಳು ಸೇರಿ ಪುಲ್ಲಿಯೆಲ್ಲ, ಅಂದರೆ ಬೆಲ್ಟ್ ಕೂರುವ ಚಕ್ರವೆಲ್ಲ, ಅಂಟು. ಟೈಟ್ ಮಾಡುವುದು ನನಗೆ ಕೊನೆಯ ಕೆಲಸ.

ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇನೆ. ಗಾಳಿ ನಿಂತರೆ ಯಾರಾದರೂ ಬಂದು ಸ್ವಿಚ್ ಒತ್ತೇ ಒತ್ತುತ್ತಾರೆ, ಅಲ್ವಾ? ಬೆಲ್ಟ್ ತೆಗೆದು ಪುಲ್ಲಿಯ ಗ್ರೂವ್‌ಗೆ, ಅಂದರೆ ಬೆಲ್ಟ್ ಕೂರುವ ಕಚ್ಚಿಗೆ, ಟಾರ್ಚ್ ಬಿಡುತ್ತೇನೆ. ವಿ-ಬೆಲ್ಟ್ ಕಚ್ಚಬೇಕಾದ್ದು ಗ್ರೂವ್‌ನ ಎರಡು ಪಕ್ಕಗಳನ್ನು, ತಳವನ್ನಲ್ಲ. ತಳ ಹೊಳೆಯುತ್ತಿದೆ ಅಂದರೆ ಪಕ್ಕ ಸವೆದು ಬೆಲ್ಟ್ ಕೆಳಗೆ ಕೂತಿದೆ. ಅಲ್ಲಿ ಹೊಸ ಬೆಲ್ಟ್ ಹಾಕಿದರೂ ಜಾರುತ್ತದೆ, ಪುಲ್ಲಿಯನ್ನೇ ಬದಲಿಸಬೇಕು.

ಆಮೇಲೆ ದಾರ. ಎರಡೂ ಪುಲ್ಲಿಗಳ ಮುಖದ ಮೇಲೆ ಬಿಗಿಯಾಗಿ ಎಳೆದು ಹಿಡಿದರೆ ನಾಲ್ಕು ಕಡೆ, ಒಂದೊಂದು ಪುಲ್ಲಿಯ ಎರಡೆರಡು ಅಂಚಿಗೆ, ತಾಗಬೇಕು. ಮೂರೇ ಕಡೆ ತಾಗಿದರೆ ಮೋಟರ್ ಓರೆ ನಿಂತಿದೆ. ಬೆಲ್ಟ್ ಒಂದೇ ಪಕ್ಕ ಸವೆಯುವುದು ಇದರಿಂದಲೇ. ಮೋಟರ್ ಸರಿಸಿ ಬೋಲ್ಟ್ ಬಿಗಿ ಮಾಡಿದ ಮೇಲೆ ಮತ್ತೆ ದಾರ ಹಿಡಿಯಬೇಕು, ಬಿಗಿ ಮಾಡುವಾಗಲೇ ಮೋಟರ್ ಕೂದಲೆಳೆ ಸರಿಯುತ್ತದೆ.

ಹೊಸ ಬೆಲ್ಟ್ ಹಾಕುವಾಗ ಮೋಟರನ್ನು ಬ್ಲೋವರ್ ಹತ್ತಿರಕ್ಕೆ ತಂದು ಸಲೀಸಾಗಿ ಏರಿಸಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಒಳಗಿನ ನೂಲು ಹರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಬಿಗಿಗೆ ನನ್ನ ಲೆಕ್ಕ ಹೀಗೆ: ಪುಲ್ಲಿಗಳ ನಡುವೆ ಒಂದು ಮೀಟರ್ ಬೆಲ್ಟ್ ಇದ್ದರೆ ಮಧ್ಯದಲ್ಲಿ ಒತ್ತಿದಾಗ ಸುಮಾರು 16 ಮಿಲಿಮೀಟರ್ ಬಗ್ಗಬೇಕು, 800 ಮಿಲಿಮೀಟರ್ ಇದ್ದರೆ 13. ಎಷ್ಟು ಜೋರಾಗಿ ಒತ್ತಬೇಕು ಅನ್ನುವುದು ಬೆಲ್ಟ್ ಕಂಪನಿಯ ಚಾರ್ಟಿನಲ್ಲಿದೆ, ಅದಕ್ಕೆ ಸ್ಪ್ರಿಂಗ್ ತಕ್ಕಡಿ ಸಾಕು. ಜಾಸ್ತಿ ಎಳೆದರೆ ಬೆಲ್ಟಿಗಿಂತ ಮೊದಲು ಪುಲ್ಲಿ ಪಕ್ಕದ ಬೇರಿಂಗ್ ಹೋಗುತ್ತದೆ. ಹೊಸ ಬೆಲ್ಟ್ ಒಂದು ದಿನ ಓಡಿದ ಮೇಲೆ ಸ್ವಲ್ಪ ಸಡಿಲವಾಗುತ್ತದೆ, ಆಗ ಇನ್ನೊಮ್ಮೆ ನೋಡಲೇಬೇಕು.

ಒಂದೇ ಬ್ಲೋವರಿಗೆ ಪಕ್ಕಪಕ್ಕ ಹಾಕಿದ ಮೂರು ಬೆಲ್ಟಿನಲ್ಲಿ ಒಂದು ಹರಿದರೆ ಮಾಲೀಕರು, "ಉಳಿದೆರಡು ಚೆನ್ನಾಗೇ ಅದಾವಲ್ಲಪ್ಪ" ಅನ್ನುತ್ತಾರೆ. ಹಳೆಯವು ಹಿಗ್ಗಿರುತ್ತವೆ, ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ. ಮೂರನ್ನೂ ಒಂದೇ ಸೆಟ್ಟಿನಲ್ಲಿ ತರಿಸುತ್ತೇನೆ.

ಗಾಳಿ ಕಡಿಮೆ ಅನ್ನುವ ದೂರಿನ ಕಥೆಯೇ ಬೇರೆ. ವೈರಿಂಗ್ ಕೆಲಸ ಆದ ಮೇಲೆ ಫೇಸ್ (ಮೋಟರಿಗೆ ಬರುವ ಕರೆಂಟಿನ ತಂತಿ) ಅದಲುಬದಲಾಗಿ ಬ್ಲೋವರ್ ಉಲ್ಟಾ ತಿರುಗುತ್ತಿದ್ದರೂ ಗಾಳಿ ಅದೇ ಬಾಯಿಂದಲೇ ಬರುತ್ತದೆ, ಬಹಳ ಕಡಿಮೆ ಅಷ್ಟೇ. ಹಾಗಾಗಿ ಯಾವ ಕಡೆ ತಿರುಗಬೇಕು ಅಂತ ತೋರಿಸುವ ಬಾಣದ ಗುರುತು ನೋಡದೆ ಬೇರೇನೂ ಮುಟ್ಟುವುದಿಲ್ಲ. ಮಂಡಕ್ಕಿ ಭಟ್ಟಿ ಹತ್ತಿರದ ಕಟ್ಟಡಗಳಾದರೆ ರೆಕ್ಕೆಗಳ ಒಳಬಾಗಿನಲ್ಲಿ ಮಸಿ ಕಟ್ಟಿರುತ್ತದೆ. ಕೆರೆದು ತೆಗೆಯುವಾಗ ಎಲ್ಲ ರೆಕ್ಕೆಗಳ ಮಸಿಯನ್ನೂ ತೆಗೆಯಬೇಕು, ಅರ್ಧ ಬಿಟ್ಟರೆ ಬ್ಲೋವರ್ ನಡುಗುತ್ತದೆ.

"ಮೋಟರಿಗೆ ದೊಡ್ಡ ಪುಲ್ಲಿ ಹಾಕಿಬಿಡಿ" ಅಂತ ಕೇಳುವವರೂ ಇದ್ದಾರೆ. ಹಾಗೆ ಮಾಡಿ ಬ್ಲೋವರ್ ವೇಗ 10 ಪರ್ಸೆಂಟ್ ಏರಿಸಿದರೆ ಗಾಳಿಯೂ 10 ಪರ್ಸೆಂಟ್ ಏರುತ್ತದೆ, ಆದರೆ ಮೋಟರ್ ಮೇಲಿನ ಹೊರೆ 33 ಪರ್ಸೆಂಟ್ ಏರುತ್ತದೆ. ಫಿಲ್ಟರ್, ಗಾಳಿ ತಣ್ಣಗಾಗುವ ಕಾಯಿಲ್ ತೊಳೆದು, ತಂತಿಗೆ ಕಚ್ಚಿಸಿ ಕರೆಂಟ್ ಅಳೆಯುವ ಟಾಂಗ್ ಟೆಸ್ಟರಿನಲ್ಲಿ ಮೋಟರಿನ ಆಂಪ್ಸ್ ನೋಡಿದ ಮೇಲೇ ಆ ಮಾತು ಎತ್ತಿ ಅನ್ನುತ್ತೇನೆ. ತೊಳೆದ ಮೇಲೆ ಯಾರೂ ಎತ್ತುವುದಿಲ್ಲ.