ಡೆಪ್ಲಾಯ್‌ಮೆಂಟ್ ಸರ್ವರ್‌ನ ಡೇಟಾಬೇಸ್ ಎಲ್ಲಿಡೋದು? ಪೀಣ್ಯದಲ್ಲಿ ನಾವು ಮಾಡಿದ ರೀತಿ

ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಇನ್ನೊಂದು ಯೂನಿಟ್ ಬೊಮ್ಮಸಂದ್ರದಲ್ಲಿದೆ. ಎರಡೂ ಸೇರಿ ಆರುನೂರರ ಆಸುಪಾಸು ವಿಂಡೋಸ್ ಕಂಪ್ಯೂಟರ್‌ಗಳು. ಇವಕ್ಕೆಲ್ಲ ಸಾಫ್ಟ್‌ವೇರ್ ಹಾಕೋದು, ಅಪ್‌ಡೇಟ್ ಕಳಿಸೋದು ಒಂದೇ ಕಡೆಯಿಂದ ಆಗಲಿ ಅಂತ ಮೈಕ್ರೋಸಾಫ್ಟ್ ಕಾನ್ಫಿಗರೇಷನ್ ಮ್ಯಾನೇಜರ್ ತಗೊಂಡೆವು. ಹಳಬರು ಇನ್ನೂ ಎಸ್‌ಸಿಸಿಎಂ ಅಂತಲೇ ಕರೆಯುತ್ತಾರೆ. ಸರ್ವರ್ ಯಾವುದು, ರ‍್ಯಾಮ್ ಎಷ್ಟು ಅನ್ನೋದು ಬೇಗ ತೀರ್ಮಾನ ಆಯಿತು. ಡೇಟಾಬೇಸ್ ವಿಷಯದಲ್ಲಿ ಮಾತ್ರ ತಲೆಗೊಂದು ಅಭಿಪ್ರಾಯ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಫ್ರೀ ಅಲ್ವಾ, ಅದನ್ನೇ ಹಾಕಿ ಅಂದರು ಒಬ್ಬರು. ಆಗಲ್ಲ. ಈ ಟೂಲ್‌ಗೆ ಮೈಕ್ರೋಸಾಫ್ಟ್‌ನದೇ ಡೇಟಾಬೇಸ್ ಸಾಫ್ಟ್‌ವೇರ್ ಆದ ಎಸ್‌ಕ್ಯೂಎಲ್ ಸರ್ವರ್ ಬಿಟ್ಟು ಬೇರೆ ಯಾವುದೂ ನಡೆಯುವುದಿಲ್ಲ.

ಹಾಗಾದರೆ ಅದರದೇ ಚಿಕ್ಕ ಆವೃತ್ತಿ ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್? ಅದೂ ಫ್ರೀ. 2022ರ ಆವೃತ್ತಿವರೆಗೆ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ. ಲೆಕ್ಕ ಹಾಕಿ ನೋಡಿದೆ. ಮೈಕ್ರೋಸಾಫ್ಟ್ ಹೇಳುವ ಅಂದಾಜು 25,000 ಕಂಪ್ಯೂಟರ್‌ಗೆ 75 ಜಿಬಿ. ಅಂದರೆ ತಲಾ 3 ಎಂಬಿ. ನಮ್ಮ ಆರುನೂರಕ್ಕೆ 2 ಜಿಬಿ ಕೂಡ ದಾಟಲ್ಲ. ಸಾಫ್ಟ್‌ವೇರ್ ಪ್ಯಾಕೇಜ್‌ಗಳು ಡೇಟಾಬೇಸ್‌ನಲ್ಲಿ ಕೂರುವುದಿಲ್ಲ, ಅವು ಡಿಸ್ಕ್‌ನಲ್ಲಿ ಬೇರೆಯೇ ಇರುತ್ತವೆ. ಜಾಗ ಸಾಕು, ಆದರೂ ಎಕ್ಸ್‌ಪ್ರೆಸ್ ನಡೆಯಲ್ಲ. ಮುಖ್ಯ ಸೈಟ್‌ಗೆ (ಎಲ್ಲವನ್ನೂ ನಡೆಸುವ ಕೇಂದ್ರಕ್ಕೆ) ಅದನ್ನು ಒಪ್ಪುವುದೇ ಇಲ್ಲ, ಅದರ ಕೆಳಗೆ ಬೇರೆ ಜಾಗದಲ್ಲಿ ಹಾಕುವ ಸೆಕೆಂಡರಿ ಸೈಟ್‌ಗೆ ಮಾತ್ರ.

ಇಲ್ಲಿ ತುಂಬ ಜನ ಗಮನಿಸದ ವಿಷಯ ಒಂದಿದೆ. ಕಾನ್ಫಿಗರೇಷನ್ ಮ್ಯಾನೇಜರ್ ಲೈಸೆನ್ಸ್ ಜೊತೆಗೇ ಎಸ್‌ಕ್ಯೂಎಲ್ ಸರ್ವರ್ ಸ್ಟ್ಯಾಂಡರ್ಡ್ ಬಳಸುವ ಹಕ್ಕೂ ಬರುತ್ತೆ. ಷರತ್ತು ಒಂದೇ, ಅದನ್ನು ಈ ಕೆಲಸಕ್ಕೆ ಮಾತ್ರ ಬಳಸಬೇಕು. ಖಾಲಿ ಇದೆ ಅಂತ ಅಟೆಂಡೆನ್ಸ್ ಸಾಫ್ಟ್‌ವೇರ್‌ನ ಡೇಟಾಬೇಸ್ ಅಲ್ಲೇ ತುರುಕಿದರೆ ಪೂರ್ತಿ ಲೈಸೆನ್ಸ್ ಕೊಳ್ಳಬೇಕು. ಈ ಮಾತು ಕೇಳಿದ ಮೇಲೆ ಫೈನಾನ್ಸ್‌ನವರು ಮರುಮಾತಿಲ್ಲದೆ ಒಪ್ಪಿದರು.

ಉಳಿದ ಪ್ರಶ್ನೆ, ಅದು ಎಲ್ಲಿರಬೇಕು? ಇಆರ್‌ಪಿಗೆ (ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುವ ಸಾಫ್ಟ್‌ವೇರ್‌ಗೆ) ಅಂತ ನಮ್ಮಲ್ಲಿ ದೊಡ್ಡ ಎಸ್‌ಕ್ಯೂಎಲ್ ಸರ್ವರ್ ಆಗಲೇ ಇತ್ತು. "ಇನ್ನೊಂದು ಡೇಟಾಬೇಸ್ ತಾನೇ, ಪಕ್ಕದಲ್ಲಿ ಕೂರಿಸಿಬಿಡಿ" ಅಂತ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಅಂದರು. ಮೇಲ್ನೋಟಕ್ಕೆ ಸರಿಯಾದ ಸಲಹೆಯೇ. ಬ್ಯಾಕಪ್ ಇದೆ, ನೋಡಿಕೊಳ್ಳುವವರೂ ಇದ್ದಾರೆ. ಆದರೆ ಮೂರು ಕಡೆ ಅದು ಹೊಂದಲಿಲ್ಲ. ಮೊದಲನೆಯದು ಕೊಲೇಷನ್, ಅಂದರೆ ಡೇಟಾಬೇಸ್ ಅಕ್ಷರಗಳನ್ನು ಹೋಲಿಸುವ, ವಿಂಗಡಿಸುವ ನಿಯಮ. ಅದನ್ನು ಆಮೇಲೆ ಹೇಳುತ್ತೇನೆ. ಎರಡನೆಯದು, ಡೇಟಾಬೇಸ್ ಬೇರೆ ಯಂತ್ರದಲ್ಲಿದ್ದರೆ ಸೈಟ್ ಸರ್ವರ್‌ನ (ಕಾನ್ಫಿಗರೇಷನ್ ಮ್ಯಾನೇಜರ್ ಓಡುವ ಯಂತ್ರದ) ಕಂಪ್ಯೂಟರ್ ಅಕೌಂಟ್‌ಗೆ ಆ ಯಂತ್ರದಲ್ಲಿ ಅಡ್ಮಿನ್ ಹಕ್ಕು ಕೊಡಬೇಕು. ಇಆರ್‌ಪಿ ಸರ್ವರ್‌ನಲ್ಲಿ ಇನ್ನೊಬ್ಬ ಅಡ್ಮಿನ್ ಅಂದ ತಕ್ಷಣ ಸಲಹೆ ಕೊಟ್ಟ ಡಿಬಿಎ ಅವರೇ ಹಿಂದೆ ಸರಿದರು. ಮೂರನೆಯದು ಕ್ಯಾಲೆಂಡರ್. ಮೈಕ್ರೋಸಾಫ್ಟ್ ಅಪ್‌ಡೇಟ್‌ಗಳು ಬರುವುದು ತಿಂಗಳ ಎರಡನೇ ಮಂಗಳವಾರ, ಅಂದರೆ 8ರಿಂದ 14ರೊಳಗೆ. ತಿಂಗಳ ಜಿಎಸ್‌ಟಿ ರಿಟರ್ನ್‌ಗಳಲ್ಲಿ ಜಿಎಸ್‌ಟಿಆರ್-1 ಕೊನೇ ದಿನ 11, ಜಿಎಸ್‌ಟಿಆರ್-3ಬಿ ಕೊನೇ ದಿನ 20. ಆ ಹೊತ್ತಿನಲ್ಲಿ ಅಕೌಂಟ್ಸ್‌ನವರು ಇಆರ್‌ಪಿ ಸರ್ವರ್ ಹತ್ತಿರ ಯಾರನ್ನೂ ಸುಳಿಯಲು ಬಿಡುವುದಿಲ್ಲ. ನನಗೆ ಡೇಟಾಬೇಸ್ ಚುರುಕಾಗಿ ಬೇಕಾಗಿರೋದು, ಬೇಕಿದ್ದರೆ ರೀಸ್ಟಾರ್ಟ್ ಮಾಡಬೇಕಾಗಿರೋದು ಅದೇ ದಿನಗಳಲ್ಲಿ.

ಹಾಗಾಗಿ ಲೋಕಲ್. ಸೈಟ್ ಸರ್ವರ್ ಮತ್ತು ಎಸ್‌ಕ್ಯೂಎಲ್ ಎರಡೂ ಒಂದೇ ವಿಎಂನಲ್ಲಿ (ವರ್ಚುವಲ್ ಯಂತ್ರದಲ್ಲಿ). ಹತ್ತಾರು ಸಾವಿರ ಯಂತ್ರಗಳಿದ್ದರೆ ಮಾತು ಬೇರೆ. ಆರುನೂರಕ್ಕೆ ಬೇರೆ ಸರ್ವರ್ ಅಂದರೆ ನಡುವೆ ಸುಮ್ನೆ ಒಂದು ನೆಟ್‌ವರ್ಕ್, ಒಂದು ಫೈರ್‌ವಾಲ್ ಸೇರಿಸಿಕೊಂಡ ಹಾಗೆ ಅಷ್ಟೇ.

ಈಗ ಕೊಲೇಷನ್. ಈ ಟೂಲ್‌ಗೆ ಇಡೀ ಇನ್‌ಸ್ಟನ್ಸ್ (ಎಸ್‌ಕ್ಯೂಎಲ್ ಸರ್ವರ್‌ನ ಪೂರ್ತಿ ಇನ್‌ಸ್ಟಾಲೇಷನ್) ಎಸ್‌ಕ್ಯೂಎಲ್_ಲ್ಯಾಟಿನ್1_ಜನರಲ್_ಸಿಪಿ1_ಸಿಐ_ಎಎಸ್ ಅನ್ನೋ ಕೊಲೇಷನ್‌ನಲ್ಲೇ ಇರಬೇಕು. ಬರೀ ಡೇಟಾಬೇಸ್ ಹಾಗಿದ್ದರೆ ಸಾಲದು. ನಮ್ಮ ಊರಿನಲ್ಲಿ ವಿಂಡೋಸ್ ಸರ್ವರ್ ಹಾಕುವಾಗ ತಾರೀಕು, ರೂಪಾಯಿ ಚಿಹ್ನೆ ಸರಿ ಬರಲಿ ಅಂತ ಸಿಸ್ಟಂ ಲೊಕೇಲನ್ನೂ (ವಿಂಡೋಸ್‌ನ ಭಾಷೆ-ದೇಶದ ಆಯ್ಕೆ) ಇಂಗ್ಲಿಷ್ ಇಂಡಿಯಾ ಮಾಡಿಡೋದು ರೂಢಿ. ಎಸ್‌ಕ್ಯೂಎಲ್ ಸೆಟಪ್ ಆ ಲೊಕೇಲ್ ನೋಡಿಯೇ ಕೊಲೇಷನ್ ಆರಿಸುತ್ತೆ. ಆಗ ಬರೋದು ಲ್ಯಾಟಿನ್1_ಜನರಲ್_ಸಿಐ_ಎಎಸ್. ಶುರುವಿನ ಎಸ್‌ಕ್ಯೂಎಲ್ ಇಲ್ಲ, ನಡುವಿನ ಸಿಪಿ1 ಇಲ್ಲ. ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಕಾನ್ಫಿಗರೇಷನ್ ಮ್ಯಾನೇಜರ್‌ಗೆ ಇದು ಆಗಲ್ಲ. ಆಮೇಲೆ ಬದಲಿಸಬೇಕು ಅಂದರೆ ಸಿಸ್ಟಂ ಡೇಟಾಬೇಸ್‌ಗಳನ್ನೇ ಹೊಸದಾಗಿ ಕಟ್ಟಬೇಕು. ನಮ್ಮ ಇಆರ್‌ಪಿ ಇನ್‌ಸ್ಟನ್ಸ್ ಇದ್ದದ್ದೂ ಈ ಎರಡನೇ ಕೊಲೇಷನ್‌ನಲ್ಲೇ. ಸೆಟಪ್‌ನಲ್ಲಿ ಕೊಲೇಷನ್ ಟ್ಯಾಬ್ ತೆರೆದು ಕೈಯಾರೆ ಆರಿಸಿ. ಬರೀ ನೆಕ್ಸ್ಟ್, ನೆಕ್ಸ್ಟ್ ಒತ್ತಿಕೊಂಡು ಹೋಗಬೇಡಿ.

ಆಮೇಲೆ ಮೆಮೊರಿ. ಎಸ್‌ಕ್ಯೂಎಲ್ ನೋಡಿಕೊಳ್ಳುವ ಟೂಲ್ ಆದ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಸರ್ವರ್ ಹೆಸರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಮೆಮೊರಿ. ಗರಿಷ್ಠ ಮಿತಿಯ ಎದುರು ಮೊದಲಿಗೆ ಇರುವ ಸಂಖ್ಯೆ 2147483647, ಅದೂ ಎಂಬಿ ಲೆಕ್ಕದಲ್ಲಿ. ಅಂದರೆ ಮಿತಿಯೇ ಇಲ್ಲ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಎಸ್‌ಕ್ಯೂಎಲ್ ರ‍್ಯಾಮ್ ಹಿಡಿದುಕೊಳ್ಳುತ್ತಾ ಹೋಗುತ್ತೆ, ಸುಲಭಕ್ಕೆ ಬಿಡಲ್ಲ. ಅದೇ ಯಂತ್ರದಲ್ಲಿ ಸೈಟ್ ಸರ್ವರ್, ಐಐಎಸ್ (ವಿಂಡೋಸ್‌ನ ವೆಬ್ ಸರ್ವರ್) ಎಲ್ಲ ಉಸಿರಾಡಬೇಕಲ್ವಾ? ಜೊತೆಯಲ್ಲೇ ಇಡುವಾಗ ಎಸ್‌ಕ್ಯೂಎಲ್‌ಗೆ ಒಟ್ಟು ಮೆಮೊರಿಯ ಶೇ. 50ರಿಂದ 80 ಅನ್ನೋದು ಮೈಕ್ರೋಸಾಫ್ಟ್ ಮಾತು, ಕನಿಷ್ಠ 8 ಜಿಬಿ. ನಮ್ಮ 32 ಜಿಬಿಯಲ್ಲಿ ಗರಿಷ್ಠ 18432, ಕನಿಷ್ಠ 8192 ಇಟ್ಟೆ.

ಡಿಸ್ಕ್‌ಗಳನ್ನು ಬೇರೆ ಮಾಡಿದೆ. ಡೇಟಾ, ಲಾಗ್, ಪ್ಯಾಕೇಜ್‌ಗಳಿಗೆ ಒಂದೊಂದು ಡ್ರೈವ್, ಡೇಟಾಬೇಸ್ ಡ್ರೈವ್‌ಗಳು 64 ಕೆಬಿ ಬ್ಲಾಕ್‌ನಲ್ಲಿ ಫಾರ್ಮ್ಯಾಟ್. ಕೆಳಗೆ ಒಂದೇ ಸ್ಟೋರೇಜ್ ಇರೋದರಿಂದ ವೇಗ ಏನೂ ಜಾಸ್ತಿ ಆಗಲ್ಲ, ಅದು ಗೊತ್ತಿದ್ದೇ ಮಾಡಿದೆ. ಒಂದು ತುಂಬಿದರೆ ಇನ್ನೊಂದು ನಿಲ್ಲಬಾರದು, ಅಷ್ಟೇ ಉದ್ದೇಶ. ಪ್ಯಾಕೇಜ್‌ಗಳು ಡೇಟಾಬೇಸ್ ಡ್ರೈವ್‌ಗೆ ನುಗ್ಗದಿರಲು ಒಂದು ಚಿಕ್ಕ ಉಪಾಯ ಇದೆ. ಆ ಡ್ರೈವ್‌ನ ರೂಟ್‌ನಲ್ಲಿ ನೋ_ಎಸ್‌ಎಂಎಸ್_ಆನ್_ಡ್ರೈವ್ ಡಾಟ್ ಎಸ್‌ಎಂಎಸ್ ಅನ್ನೋ ಖಾಲಿ ಫೈಲ್ ಇಟ್ಟರೆ ಸಾಕು. ಫೈಲ್ ಒಳಗೆ ಏನೂ ಬರೆಯಬೇಕಿಲ್ಲ.

ಅಪ್‌ಡೇಟ್‌ಗಳಿಗೆ ಬೇಕಾದ ಡಬ್ಲ್ಯುಎಸ್‌ಯುಎಸ್ (ವಿಂಡೋಸ್ ಸರ್ವರ್‌ನ ಅಪ್‌ಡೇಟ್ ಸೇವೆ) ಡೇಟಾಬೇಸನ್ನೂ ಇದೇ ಇನ್‌ಸ್ಟನ್ಸ್‌ನಲ್ಲಿಟ್ಟೆ. ಲೈಸೆನ್ಸ್ ಒಪ್ಪುತ್ತೆ. ವಿಂಡೋಸ್ ಸರ್ವರ್ ಜೊತೆಗೇ ಬರುವ ವಿಂಡೋಸ್ ಇಂಟರ್ನಲ್ ಡೇಟಾಬೇಸ್ ಬಳಸಬಹುದಿತ್ತು, ಅದಕ್ಕೆ 10 ಜಿಬಿ ಮಿತಿಯೂ ಇಲ್ಲ. ಆದರೆ ಒಂದೇ ಯಂತ್ರದಲ್ಲಿ ಎರಡು ಡೇಟಾಬೇಸ್ ಎಂಜಿನ್ ರ‍್ಯಾಮ್‌ಗಾಗಿ ಕಿತ್ತಾಡೋದು ನನಗೆ ಬೇಡವಾಗಿತ್ತು. ಈಗ ಇಂಡೆಕ್ಸ್ ರಿಪೇರಿ, ಬ್ಯಾಕಪ್ ಎರಡಕ್ಕೂ ಓಲಾ ಹಾಲೆಂಗ್ರೆನ್ ಅವರ ಉಚಿತ ಸ್ಕ್ರಿಪ್ಟ್‌ಗಳು ಓಡುತ್ತವೆ. ಸ್ಟ್ಯಾಂಡರ್ಡ್‌ನಲ್ಲಿ ಎಸ್‌ಕ್ಯೂಎಲ್ ಏಜೆಂಟ್ ಇರೋದರಿಂದ ಶೆಡ್ಯೂಲ್‌ಗೆ ಬೇರೆ ದಾರಿ ಹುಡುಕಬೇಕಿಲ್ಲ.

ಬ್ಯಾಕಪ್ ಫೈಲ್ ಜೊತೆ ಸಿಡಿ ಡಾಟ್ ಲೇಟೆಸ್ಟ್ ಫೋಲ್ಡರನ್ನೂ ಬೇರೆ ಸ್ಟೋರೇಜ್‌ಗೆ ಕಾಪಿ ಮಾಡಿ. ಸೈಟ್ ರಿಕವರಿ ಮಾಡುವಾಗ ಸೆಟಪ್ ಓಡಿಸಬೇಕಾದದ್ದು ಅದರೊಳಗಿಂದಲೇ. ಡೇಟಾಬೇಸ್ ಮಾತ್ರ ಕೈಯಲ್ಲಿದ್ದರೆ ಅರ್ಧ ಕೆಲಸ ಅಷ್ಟೇ.

ಬೊಮ್ಮಸಂದ್ರಕ್ಕೆ ಸೆಕೆಂಡರಿ ಸೈಟ್ ಹಾಕೋಣ, ಅಲ್ಲಿ ಎಕ್ಸ್‌ಪ್ರೆಸ್ ನಡೆಯುತ್ತಲ್ಲ ಅನ್ನೋ ಮಾತೂ ಬಂತು. ಬೇಡ ಅಂದೆ. ಅಲ್ಲಿ ಇನ್ನೊಂದು ಡೇಟಾಬೇಸ್, ಇಲ್ಲಿಗೂ ಅಲ್ಲಿಗೂ ರೆಪ್ಲಿಕೇಷನ್. ಅದು ಕೆಟ್ಟರೆ ಊರಿನ ಈ ತುದಿಯಿಂದ ಆ ತುದಿಗೆ ಟ್ರಾಫಿಕ್‌ನಲ್ಲಿ ಹೋಗಬೇಕಾದವನು ನಾನೇ. ಅದರ ಬದಲು ಪ್ಯಾಕೇಜ್‌ಗಳ ಪ್ರತಿ ಇಟ್ಟುಕೊಂಡು ಅಲ್ಲಿನ ಕಂಪ್ಯೂಟರ್‌ಗಳಿಗೆ ಕೊಡುವ ಒಂದು ಡಿಸ್ಟ್ರಿಬ್ಯೂಷನ್ ಪಾಯಿಂಟ್ ಇಟ್ಟಿದ್ದೇವೆ. ಅದಕ್ಕೆ ಡೇಟಾಬೇಸೇ ಬೇಡ. ಪ್ಯಾಕೇಜ್‌ಗಳು ರಾತ್ರಿ ಹೊತ್ತು ಲಿಂಕ್ ಖಾಲಿ ಇರುವಾಗ ಹೋಗುವ ಹಾಗೆ ಶೆಡ್ಯೂಲ್ ಹಾಕಿದ್ದೇವೆ.